ಬಿಳಿ ಕಾರು ಎದುರು ಮನೆಗೇ ಏಕೆ ಬಂತು?

ದಾನದ ಕಾರು ಹಂಚುವ ಸಮಿತಿಯ ಮಾನ್ಯ ಅಧ್ಯಕ್ಷರೇ,

ಉಳ್ಳವರು ಬಿಟ್ಟುಕೊಟ್ಟ ಹಳೆಯ ಕಾರುಗಳನ್ನು ರಿಪೇರಿ ಮಾಡಿಸಿ, ಇಲ್ಲದವರಿಗೆ ಅಗ್ಗದ ಬೆಲೆಗೆ ಕೊಡುವ ತಮ್ಮ ಸಂಸ್ಥೆ ಈ ವರ್ಷ ನಮ್ಮ ಭೋಜ ಗ್ರಾಮಕ್ಕೆ ಒಂದೇ ಒಂದು ಕಾರು ಕೊಟ್ಟಿತು. ಅದು ನನಗೆ ಸಿಗಲಿಲ್ಲ. ಎದುರು ಮನೆಯ ಶೈಲಾಳಿಗೆ ಸಿಕ್ಕಿತು. ನನಗೆ ಹೊಟ್ಟೆಕಿಚ್ಚಾಗಿದೆ, ಅದನ್ನು ಮುಚ್ಚಿಟ್ಟು ಬರೀ ನ್ಯಾಯದ ಮಾತಾಡುವ ಜಾಣತನ ನನಗಿಲ್ಲ.

ನನ್ನ ಮಗಳು ಪೂನಮಳಿಗೆ ಹನ್ನೊಂದು ವರ್ಷ. ಹುಟ್ಟಿನಿಂದ ಕಾಲಲ್ಲಿ ಬಲವಿಲ್ಲ. ಗಂಡ ತೀರಿಕೊಂಡ ಮೇಲೆ ವಾರಕ್ಕೆ ಎರಡು ಬಾರಿ ಅವಳನ್ನು ಸೊಂಟದ ಮೇಲೆ ಹೊತ್ತು, ಬಸ್ಸು ಹತ್ತಿ, ನಿಪ್ಪಾಣಿಗೆ ಚಿಕಿತ್ಸೆಗೆ ಒಯ್ಯುವವಳು ನಾನೇ. ಇಷ್ಟನ್ನೂ ಅರ್ಜಿಯಲ್ಲಿ ಬರೆದಿದ್ದೆ. ವಿಚಾರಣೆಗೆ ಬಂದ ತಮ್ಮ ಕಾರ್ಯದರ್ಶಿಗಳು ಕೇಳಿದ್ದು ಒಂದೇ ಪ್ರಶ್ನೆ.

“ಗಾಡಿ ಯಾರ ಹೊಡೀತಾರ್ರಿ?”

“ನಾನ ಕಲೀತೇನ್ರಿ. ಮೂರು ತಿಂಗಳ ಟೈಮ್ ಕೊಡ್ರಿ.”

“ಕಲತು, ಲೈಸನ್ಸ್ ತಗೊಂಡ ಮ್ಯಾಲೆ ಬರ್ರಿ.”

ಕಾರಿಲ್ಲದವಳು ಯಾವ ಕಾರಿನಲ್ಲಿ ಕಲಿಯಬೇಕು, ಮಾನ್ಯರೇ? ಡ್ರೈವಿಂಗ್ ಶಾಲೆಗೆ ಹೋಗುವ ಶಕ್ತಿ ಇದ್ದವಳು ತಮ್ಮ ಬಾಗಿಲಿಗೆ ಏಕೆ ಬರುತ್ತಿದ್ದಳು? ಶೈಲಾ ತವರಿನಲ್ಲಿ ಅಣ್ಣನ ಟೆಂಪೋ ಓಡಿಸಿ ಕಲಿತವಳು. ನನಗೆ ಅಂಥ ಅಣ್ಣನಿಲ್ಲದಿರುವುದೂ ನನ್ನ ಅನರ್ಹತೆಯೇ?

ಅವಳೂ ಬಡವಳೇ, ಸಂತೆ ಸಂತೆ ತಿರುಗಿ ಬಳೆ ಮಾರುವವಳು. ಆದರೂ ಬೆಳಿಗ್ಗೆ ಅವಳು ಆ ಬಿಳಿ ಕಾರನ್ನು ಒರೆಸುವಾಗ ನಾನು ಕಿಟಕಿ ಮುಚ್ಚುತ್ತಿದ್ದೆ. ಒಂದು ದಿನ ಬಾಗಿಲಿಗೆ ಬಂದು ಕರೆದಳು: “ವೈನಿ, ನಿಪ್ಪಾಣಿಗಿ ಹೊಂಟೇನ್ರಿ. ಪೂನಮನ್ನ ಕರಕೊಂಡ ಬರ್ರಿ.”

“ಇವತ್ತ ನಾವು ಹೋಗಾಂಗಿಲ್ಲ” ಎಂದೆ.

ಅರ್ಧ ಗಂಟೆಯ ಬಳಿಕ ಬಸ್ ನಿಲ್ದಾಣದಲ್ಲಿ, ಮಗಳನ್ನು ಹೊತ್ತು ನಿಂತಿದ್ದ ನನ್ನೆದುರೇ ಆ ಕಾರು ನಿಂತಿತು. ಶೈಲಾ ಇಳಿದು, ಬಳೆಯ ಡಬ್ಬಿಗಳನ್ನು ಮುಂದಿನ ಸೀಟಿಗೆ ಸರಿಸಿ, ಪೂನಮಳನ್ನು ನನ್ನ ಸೊಂಟದಿಂದ ಎತ್ತಿ ಹಿಂದೆ ಕೂರಿಸಿದಳು. ನಾನೂ ಹತ್ತಿದೆ. ದಾರಿಯಲ್ಲಿ ಮಗಳು ಗಟ್ಟಿಯಾಗಿಯೇ ಕೇಳಿದಳು: “ಆಯಿ, ಸುಳ್ಳ ಯಾಕ ಹೇಳಿದಿ?”

ನಾನು ಅತ್ತುಬಿಟ್ಟೆ. ಶೈಲಾ ಕನ್ನಡಿಯಲ್ಲಿ ನನ್ನನ್ನು ನೋಡಿ, “ನನಗ ಸಿಗಲಾರದ ನಿಮಗ ಸಿಕ್ಕಿದ್ರ ನಾನೂ ಹಂಗ ಮಾಡತಿದ್ದೆನ್ರಿ. ಐತವಾರ ನನಗ ಬಿಡುವ ಐತಿ. ಗಾಡಿ ಕಲಸ್ತೇನಿ, ಬರ್ರಿ” ಎಂದಳು.

ನಾಲ್ಕು ತಿಂಗಳು ಕಲಿಸಿದಳು. ಒಮ್ಮೆ ಕಬ್ಬಿನ ಹೊಲದ ಬದುವಿಗೆ ಗುದ್ದಿ ದೀಪ ಒಡೆದೆ, ಬೈಯಲಿಲ್ಲ. ಹೋದ ತಿಂಗಳು ಪರೀಕ್ಷೆ ಪಾಸಾದೆ. ತಮ್ಮ ಘನ ಸಂಸ್ಥೆ ಮಾಡಬೇಕಿದ್ದ ಕೆಲಸವನ್ನು ಬಳೆ ಮಾರುವವಳು ಮಾಡಿ ಮುಗಿಸಿದಳು.

ಲೈಸನ್ಸಿನ ಪ್ರತಿ ಲಗತ್ತಿಸಿದ್ದೇನೆ. ನನ್ನ ಅರ್ಜಿಯನ್ನು ಮತ್ತೆ ಪರಿಶೀಲಿಸಿ. ಕಲಿಯಲು ಸಿದ್ಧರಿರುವವರಿಗೆ ಕಲಿಸುವ ಏರ್ಪಾಡನ್ನೂ ಮಾಡಿ. ಎಲ್ಲರ ಎದುರು ಮನೆಯಲ್ಲೂ ಶೈಲಾ ಇರುವುದಿಲ್ಲ. ಹೊಟ್ಟೆಕಿಚ್ಚು ಹೋಯಿತೇ ಎಂದು ಮಾತ್ರ ಕೇಳಬೇಡಿ. ನನಗೆ ಕೊಡುವ ಕಾರು ಅವಳದ್ದಕ್ಕಿಂತ ಒಂದು ವರ್ಷ ಹೊಸದಾಗಿದ್ದರೆ ಸಂತೋಷ.

ಇಂತಿ,
ಸದ್ಯಕ್ಕೆ ಎದುರು ಮನೆಯವಳ ಕಾರಿನಲ್ಲೇ ಓಡಾಡುತ್ತಿರುವ
ತ್ರಿಶಲಾ ತವನಪ್ಪ ಚೌಗುಲೆ, ಭೋಜ