ಎಡ ಬಲವಾದ ಹವಳ

ಮಾರ್ಚ್ 12, ಗುರುವಾರ

ತಿಂದುಬಿಟ್ಟಿತು, ಅತ್ತೆಯ ಕಿತ್ತಳೆ ಮೀನು ಹೊಸ ತೊಟ್ಟಿಯಲ್ಲಿ ಕೊನೆಗೂ ತಿಂದುಬಿಟ್ಟಿತು! ಎರಡು ದಿನ ಏನೂ ತಿನ್ನದೆ, ಮೂಲೆ ಬಿಟ್ಟು ಕದಲದೆ ನನ್ನ ಜೀವ ಹಿಂಡಿತ್ತು. ಅತ್ತೆ ಎಂಟು ವರ್ಷದಿಂದ ಸಾಕಿದ ಮೀನು ಅದು. ಮಗಳ ಮನೆಗೆ ಹೊರಟಾಗ, ಹವಳಗಳನ್ನೂ ಮೀನನ್ನೂ ದೊಡ್ಡ ತೊಟ್ಟಿಗೆ ಸಾಗಿಸುವ ಕೆಲಸವನ್ನು ಮದುವೆಯಾಗಿ ಆರೇ ವಾರವಾದ ನಮ್ಮಿಬ್ಬರಿಗೆ ಒಪ್ಪಿಸಿದ್ದರು.

ಉಪ್ಪುನೀರು ಸರಿಯಾಗಿಯೇ ಇತ್ತು, ಮೂರು ಸಲ ಅಳೆದಿದ್ದೆ. ತಪ್ಪಿದ್ದು ಹವಳದ ಕಲ್ಲುಗಳ ಜಾಗ. ಹಳೆಯ ತೊಟ್ಟಿಯಲ್ಲಿದ್ದ ಹಾಗೆಯೇ ಜೋಡಿಸಿ ಎಂದಿದ್ದರು. ನಾವು ನೋಡಿಕೊಂಡು ಜೋಡಿಸಿದ್ದು ತೊಟ್ಟಿಯ ಮುಂದೆ ನಿಂತು ತೆಗೆದ ನಮ್ಮ ಸೆಲ್ಫಿಯನ್ನು. ಬೇರೆ ಫೋಟೋ ಎಲ್ಲಿದೆ, ಎಲ್ಲದರಲ್ಲೂ ನಾವೇ! ನಮ್ಮ ಫೋನಿನ ಸೆಲ್ಫಿ ಕನ್ನಡಿಯ ಹಾಗೆ ಎಡವನ್ನು ಬಲ ಮಾಡುತ್ತದೆಂದು ಇಬ್ಬರಿಗೂ ಹೊಳೆಯಲಿಲ್ಲ. ಮೀನಿನ ಗುಹೆ ಬಲಕ್ಕೆ ಹೋಗಿತ್ತು, ಅದು ಪಾಪ ಎಡಮೂಲೆಯಲ್ಲೇ ಕಾಯುತ್ತಿತ್ತು. ಇವತ್ತು ಸಂಜೆ ತಾನೇ ಗುಹೆ ಹುಡುಕಿಕೊಂಡು ಹೋಗಿ, ಅಲ್ಲಿಂದ ಇಣುಕಿ, ಗಬಕ್ಕನೆ ತಿಂದಿತು. ನಾನು ಇವನನ್ನು ತಬ್ಬಿಕೊಂಡು ಕುಣಿದೇ ಕುಣಿದೆ.

"ಅಮ್ಮಂಗೆ ಮಾತ್ರ ಹೇಳ್ಬೇಡ ಕಣೇ," ಎಂದ.

"ಆಗ್ಲೇ ಫೋನ್ ಮಾಡಿ ಎಲ್ಲಾ ಹೇಳಿಯಾಯ್ತು," ಎಂದೆ. ಮುಖ ನೋಡಬೇಕಿತ್ತು!

ಅತ್ತೆ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. "ಸರಿಯಾದ ಜೋಡಿ ಕಣಮ್ಮ ನೀವು! ಇನ್ನು ಕಲ್ಲು ಮುಟ್ಬೇಡಿ, ಅದಕ್ಕೆ ಮನೆ ಸಿಕ್ಕಿದೆ. ತೊಟ್ಟಿ ಮುಂದಿನ ನನ್ನ ಕುರ್ಚಿನ ಬಲಗಡೆ ಎಳೆದಿಡು, ಸಾಕು."

ಎಳೆದಿಟ್ಟಿದ್ದೇನೆ. ಕಣ್ಣು ಮುಚ್ಚಿಕೊಂಡು ಬರುತ್ತಿದೆ. ಅತ್ತೆ ಬರುವುದು ಭಾನುವಾರ, ಬೆಳಗಿನ ಆರೂಕಾಲರ ಪ್ಯಾಸೆಂಜರ್‌ಗೆ.