ಕೊಗನೊಳ್ಳಿಯಲ್ಲಿ ನಕ್ಕವರ ಪರವಾಗಿ

ನಿಪ್ಪಾಣಿ, ಮಾರ್ಚ್ 1988

ಸಮಾಜವಾದಿ ಸಂಶೋಧನೆ ಮತ್ತು ಲೋಕಶಿಕ್ಷಣದ ಕಿರು ಅನುದಾನ ಸಮಿತಿಯ ಮಾನ್ಯ ಕಾರ್ಯದರ್ಶಿಗಳೇ,

ಜನ ನಕ್ಕರು ಎಂಬ ಕಾರಣಕ್ಕೆ ನೀವು ನಮ್ಮ ಅನುದಾನವನ್ನು ರದ್ದು ಮಾಡಿದ್ದೀರಿ. "ಸಭಿಕರು ಉದ್ದಕ್ಕೂ ನಗುತ್ತಿದ್ದುದರಿಂದ ಅವರಿಗೆ ಯಾವುದೇ ಶಿಕ್ಷಣ ದೊರೆತಿರುವ ಸಂಭವವಿಲ್ಲ" ಎಂದು ನಿಮ್ಮ ಆದೇಶ ಹೇಳುತ್ತದೆ. ಬೀಡಿ ಕಟ್ಟುವ ಹೆಂಗಸರು ಸಂಜೆ ಕೂಡುವ ನಿಮ್ಮ ಸಮಿತಿಯ ಕೋಣೆಯನ್ನು ಈ ತಿಂಗಳೇ ಬಿಟ್ಟುಕೊಡಬೇಕಂತೆ. ನಿಮಗೆ ಖಾಸಗಿಯಾಗಿ ಬರೆದು ನೋಡಿದೆ. ಉತ್ತರವಿಲ್ಲ. ಸಮಾಜವಾದದಲ್ಲಿ ಖಾಸಗಿಗೆ ಬೆಲೆಯಿಲ್ಲ ಎಂಬುದು ತಡವಾಗಿ ಹೊಳೆದು, ಈಗ ನಾಲ್ಕು ಜನರ ಮುಂದೆ ಬರೆಯುತ್ತಿದ್ದೇನೆ.

ನಾನು ಸೈಕಲ್ ರಿಪೇರಿ ಮಾಡುವವನು. ನನ್ನ ಅಂಗಡಿಯ ಪಕ್ಕದಲ್ಲೇ ಆ ಕೋಣೆ. ಅಲ್ಲಿ ಕೈಗಳು ಬೀಡಿ ಕಟ್ಟುತ್ತಿರುವಾಗ ಒಬ್ಬರು ಗಟ್ಟಿಯಾಗಿ ಪತ್ರಿಕೆ ಓದುತ್ತಾರೆ. ಹೆಂಗಸರು ಕಟ್ಟಿ ತಂದ ಬೀಡಿಯಲ್ಲಿ ಒಂದಷ್ಟನ್ನು, ಬೀಡಿ ಎಣಿಸಿ ಪಡೆಯುವ ಮಾಲಕರ ಮುಕಾದಮ "ಕೆಟ್ಟದ್ದು" ಎಂದು ತೆಗೆದಿಡುತ್ತಾನೆ. ಅದಕ್ಕೆ ಕೂಲಿಯಿಲ್ಲ. ಹಾಗೆ ತೆಗೆದಿಟ್ಟ ಬೀಡಿ ಎಲ್ಲಿಗೆ ಹೋಗುತ್ತದೆ? ಇದೇ ನಮ್ಮ ಸಂಶೋಧನೆ. ಆ ಬೀಡಿ ಕಸಕ್ಕೆ ಹೋಗುವುದಿಲ್ಲ, ಮಾರಾಟಕ್ಕೇ ಹೋಗುತ್ತದೆ ಎಂಬುದನ್ನು ಹೆಂಗಸರೇ ಸಂತೆ ಸಂತೆ ತಿರುಗಿ ಪತ್ತೆ ಮಾಡಿದರು. ಅದನ್ನು ನಾನು ನಿಮ್ಮ ಸಮಿತಿ ಮೆಚ್ಚುವಂಥ ಭಾಷೆಯಲ್ಲಿ ಪ್ರಬಂಧವಾಗಿ ಬರೆದು ಕೋಣೆಯಲ್ಲಿ ಓದಿದೆ. ಮೂರನೆಯ ಪುಟಕ್ಕೆ ಬರುವಷ್ಟರಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಒಬ್ಬರೂ ನಗಲಿಲ್ಲ. ನಿಮ್ಮ ಲೆಕ್ಕದಲ್ಲಿ ಅಂದು ಪರಿಪೂರ್ಣ ಶಿಕ್ಷಣವಾಗಿರಬೇಕು.

ಕೊನೆಗೆ ನಮ್ಮ ಶಹಜಾದಬಿ ಎದ್ದಳು. ಬಾಲ್ಯದಿಂದಲೂ ಬೀಡಿ ಕಟ್ಟುತ್ತಿರುವ, ಮುಕಾದಮನ ಎದುರು ಎಂದೂ ದನಿ ಎತ್ತದ ಹೆಂಗಸು. "ತಾತ್ಯಾ ಅಣ್ಣಾ, ಸಿಟ್ಟಾಗಬ್ಯಾಡ್ರಿ. ನೀವ್ ಓದಾಕತ್ತಿದ್ರ ಜೋಗುಳ ಕೇಳಿದಂಗ ಆಗ್ತೈತ್ರಿ. ಇದನ್ನ ಆಡಿ ತೋರ್ಸೂಣು," ಅಂದಳು. ಹೀಗೆ ನಾಟಕ ಹುಟ್ಟಿತು. ಹಮಾಲಿ ಮಾಡುವ ಮಾಳಸಿದ್ದ ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮುಕಾದಮನಾದ. ಶಹಜಾದಬಿ ಬೀಡಿಯ ಬುಟ್ಟಿ ಹೊತ್ತು ಬರುವ ಹೆಂಗಸಾದಳು.

ಹತ್ತಿರದ ಕೊಗನೊಳ್ಳಿಯಲ್ಲಿ ನಡೆದ ಪ್ರದರ್ಶನಕ್ಕೆ ನೀವು ಬೆಂಗಳೂರಿನಿಂದ ವೀಕ್ಷಕರೊಬ್ಬರನ್ನು ಕಳಿಸಿದಿರಿ. ಸಂತೋಷ. ಆದರೆ ಅವರಿಗೆ ಸಫಾರಿ ಸೂಟು, ಕಪ್ಪು ಕನ್ನಡಕ ಮತ್ತು ಅಂಥ ಭವ್ಯ ಹೊಟ್ಟೆಯನ್ನು ಕೊಟ್ಟು ಕಳಿಸಿದವರಾರು? ಅಂದು ಮಾಳಸಿದ್ದ ಹತ್ತಿದ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತ್ತು. ಜನ ಕಾದು ಕಾದು ಗದ್ದಲ ಮಾಡುತ್ತಿದ್ದರು. ವೀಕ್ಷಕರು ತಾವಾಗಿಯೇ ಆಟ ನಡೆಯಬೇಕಿದ್ದ ಕಟ್ಟೆ ಹತ್ತಿ, ಕೈ ಮೇಲೆತ್ತಿ, "ಮಹಿಳೆಯರೇ, ಶಾಂತರಾಗಿರಿ. ಎಲ್ಲವೂ ನಿಮ್ಮ ಒಳ್ಳೆಯದಕ್ಕೇ ನಡೆಯುತ್ತಿದೆ" ಎಂದರು. ದುರದೃಷ್ಟವಶಾತ್ ನಮ್ಮ ನಾಟಕದಲ್ಲಿ ಮುಕಾದಮನ ಮೊದಲ ಮಾತೂ ಹೆಚ್ಚು ಕಡಿಮೆ ಇದೇ.

ಮುಂದಿನ ಸಾಲಿನಲ್ಲಿ ಆ ಊರಲ್ಲೇ ಬೀಡಿ ಕಟ್ಟುವ ಕಮಲಾಬಾಯಿ ಕೂತಿದ್ದರು. ತಲೆ ನರೆತಿದ್ದರೂ ಊರಿಡೀ ಕೇಳುವ ದನಿ. "ಆಲಾ ಬಘಾ ಮುಕಾದಮ! ಬಂದಾನ ನೋಡ್ರೆ!" ಎಂದು ಮರಾಠಿ, ಕನ್ನಡ ಎರಡರಲ್ಲೂ ಸಾರಿದರು. ಮಾಳಸಿದ್ದನ ಬದಲಿಗೆ ಸಮಿತಿಯೇ ಒಬ್ಬ ನಟನನ್ನು ಕಳಿಸಿದೆ ಎಂದು ತಿಳಿದ ಶಹಜಾದಬಿ ಬುಟ್ಟಿ ತಂದು ಅವರ ಎದುರಿಗಿಟ್ಟು ತಲೆ ತಗ್ಗಿಸಿ ನಿಂತಳು. ವೀಕ್ಷಕರು ಒಂದು ಬೀಡಿ ಎತ್ತಿ ತಿರುಗಿಸಿ ನೋಡಿದರು, ಮೂಸಿದರು, "ಇದು ಅಷ್ಟು ಸರಿಯಾಗಿಲ್ಲ, ಅಲ್ಲವೇ?" ಅಂದರು. ಸಮಿತಿಗೆ ತೋರಿಸಲೆಂದು ಒಂದು ಹಿಡಿ ಬೀಡಿಯನ್ನು ಜೇಬಿಗೂ ಇಳಿಸಿದರು.

ಮಾನ್ಯರೇ, ಮಾಳಸಿದ್ದ ಅಷ್ಟು ದಿನ ತಾಲೀಮು ಮಾಡಿಯೂ ಅದನ್ನು ಅಷ್ಟು ಸಹಜವಾಗಿ ಮಾಡಿರಲಿಲ್ಲ.

ಜನ ಬಿದ್ದು ಬಿದ್ದು ನಕ್ಕರು. ಕಮಲಾಬಾಯಿ ಕಟ್ಟೆ ಹತ್ತಿದರು. "ಕಿಸೆದಾಗಿಂದ ಹೊರಗ ತಗೀರಿ. ಕೆಟ್ಟ ಬೀಡಿ ನಿಮಗ್ಯಾಕ ಬೇಕ್ರಿ?"

"ಅಮ್ಮಾ, ನಾನು ಸಮಿತಿಯವನು! ನಿಮ್ಮ ಹಿತಕ್ಕಾಗಿ ಬಂದವನು!"

"ನಮ್ಮ ಮುಕಾದಮನೂ ಹಂಗ ಅಂತಾನ್ರಿ," ಎಂದು ಕಮಲಾಬಾಯಿ ಸಫಾರಿಯ ಜೇಬಿಗೆ ಕೈ ಹಾಕಿಯೇಬಿಟ್ಟರು.

ನಾನೇಕೆ ತಡೆಯಲಿಲ್ಲ ಎಂದು ಆದೇಶದಲ್ಲಿ ಕೇಳಿದ್ದೀರಿ. ತಡೆಯಲು ಓಡಿದೆ. "ಅಯ್ಯೋ, ಸಾಹೇಬರನ್ನು ಬಿಡಿ" ಎಂದು ಕೂಗಿದೆ. ನನ್ನನ್ನು ಮಾಲಕರ ಗುಮಾಸ್ತನೆಂದು ತಿಳಿದು ಜನ ಇನ್ನಷ್ಟು ಚಪ್ಪಾಳೆ ತಟ್ಟಿದರು. ಅದೇ ಹೊತ್ತಿಗೆ ಲಾರಿ ಹಿಡಿದು ಬಂದಿಳಿದ ಮಾಳಸಿದ್ದ ದಿಂಬು ಕಟ್ಟಿಕೊಂಡು ಕಟ್ಟೆಗೆ ಹಾರಿದ. ಇಬ್ಬರು ಮುಕಾದಮರು ಎದುರುಬದುರು ನಿಂತರು. ನಾಟಕ ಯಾವುದು, ಅನುದಾನ ಯಾವುದು ಎಂದು ಹೇಳುವುದು ಆಮೇಲೆ ಯಾರಿಗೂ ಸಾಧ್ಯವಿರಲಿಲ್ಲ. ನಿಮ್ಮ ವೀಕ್ಷಕರಿಗಾದ ಮುಜುಗರಕ್ಕೆ ನಾನು ಅಂದೇ ಕ್ಷಮೆ ಕೇಳಿದ್ದೇನೆ, ಇಲ್ಲಿಯೂ ಕೇಳುತ್ತೇನೆ. ಆದರೆ ಶಿಕ್ಷಣವಾಗಲಿಲ್ಲ ಎಂಬ ಮಾತನ್ನು ಮಾತ್ರ ಒಪ್ಪಲಾರೆ. ಏಕೆಂದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ, ಮತ್ತು ಮುಂದಿನದನ್ನು ನೋಡಲು ನಿಮ್ಮವರು ಉಳಿಯಲಿಲ್ಲ.

ಮರುವಾರ ನಿಪ್ಪಾಣಿಯಲ್ಲಿ, ಆ ಆಟಕ್ಕೆ ಬಂದಿದ್ದ ನಮ್ಮ ಹೆಂಗಸರು ಎಂದಿನಂತೆ ವಖಾರದ, ಅಂದರೆ ಮಾಲಕರ ಉಗ್ರಾಣದ, ಮುಂದೆ ಬೀಡಿ ಕೊಡಲು ಸಾಲು ನಿಂತಿದ್ದರು. ನಿಜವಾದ ಮುಕಾದಮ ಶಹಜಾದಬಿಯ ಬುಟ್ಟಿಯಿಂದ ಒಂದು ಬೀಡಿ ಎತ್ತಿ, ತಿರುಗಿಸಿ, ಮೂಸಿ ನೋಡಿದ. ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇನ್ನೊಬ್ಬರು. ಕೊನೆಗೆ ಸಾಲಿಗೆ ಸಾಲೇ ನಗತೊಡಗಿತು. ಆತನಿಗೆ ಬೈಗುಳ ಗೊತ್ತು, ಅಳು ಗೊತ್ತು, ನಗುವಿಗೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. "ಯಾಕ ನಗಾಕತ್ತೀರಿ?" ಎಂದು ಗದರಿದ.

ಆಗ ಶಹಜಾದಬಿ ತಲೆ ಎತ್ತಿದಳು. "ಏನಿಲ್ರಿ. ಅದು ಕೆಟ್ಟಿದ್ರ ಇಲ್ಲೇ ನಮ್ಮ ಮುಂದ ಮುರದ ಹಾಕ್ರಿ. ಮುರೀದಿದ್ರ ಚಲೋ ಐತಿ ಅಂತ ಎಣಿಸ್ರಿ."

ಮುಕಾದಮ ಮಾಲಕರ ಕಡೆ ನೋಡಿದ. ಮಾಲಕರು ಬೀದಿಯ ಕಡೆ ನೋಡಿದರು. ಬೀದಿಯಲ್ಲಿ ಆಗಲೇ ಜನ ಕೂಡುತ್ತಿದ್ದರು. ಅಂದಿನಿಂದ ಆ ವಖಾರದಲ್ಲಿ ಕೆಟ್ಟದ್ದೆಂದ ಬೀಡಿಯನ್ನು ಹೆಂಗಸರ ಎದುರಿಗೇ ಮುರಿಯುತ್ತಾರೆ. ಮುರಿದದ್ದನ್ನು ಮಾರಲಾಗದು ನೋಡಿ, ಬೀಡಿ ಕೆಡುವುದೂ ಬಹಳ ಕಡಿಮೆಯಾಗಿದೆ. ನನ್ನ ಪ್ರಬಂಧದಿಂದ ಇದು ಆಗುತ್ತಿತ್ತೇ? ನಿಮ್ಮ ಸಮಿತಿಯ ಯಾವ ಗಂಭೀರ ವಿಚಾರ ಸಂಕಿರಣದಿಂದ ಈವರೆಗೆ ಒಂದು ಬೀಡಿ ಮುರಿದಿದೆ, ದಯವಿಟ್ಟು ತಿಳಿಸಿ.

ನಾಟಕದಲ್ಲಿ ಮರಾಠಿ ಬೆರೆತಿತ್ತು ಎಂಬುದು ನಿಮ್ಮ ಇನ್ನೊಂದು ಆಕ್ಷೇಪ. ಕೊಗನೊಳ್ಳಿಯ ಆಚೆಗೆ ನಾಲ್ಕು ಹೆಜ್ಜೆ ಹೋದರೆ ಮಹಾರಾಷ್ಟ್ರ, ಸ್ವಾಮಿ. ಇಲ್ಲಿ ಕೋಳಿ ಕೂಡ ಯಾವ ಭಾಷೆಯಲ್ಲಿ ಕೂಗಲಿ ಎಂದು ಯೋಚಿಸುವುದಿಲ್ಲ.

ನಿಮ್ಮ ಆದೇಶವನ್ನು ಕೋಣೆಯಲ್ಲಿ ನಾನೇ ಓದಿ ಹೇಳಿದೆ. ಬೀಡಿ ಕಟ್ಟುವ ಕೈಗಳು ನಿಂತವು. ಶಹಜಾದಬಿ ಕೇಳಿದಳು, "ನಾವು ನಕ್ಕಿದ್ದು ತಪ್ಪೇನ್ರಿ ಅಣ್ಣಾ? ಇಷ್ಟ ವರ್ಷ ಆ ಮುಕಾದಮನ ಮುಂದ ಅತ್ತೀವಲ್ಲ, ಆಗ ಯಾರೂ ಕಾಗದಾ ಬರೀಲಿಲ್ಲ." ಆ ಪ್ರಶ್ನೆಯನ್ನು ಇಲ್ಲಿ ಹಾಗೇ ಇಳಿಸಿದ್ದೇನೆ. ಉತ್ತರಿಸಬೇಕಾದವರು ನೀವು.

ಆದ್ದರಿಂದ ನನ್ನ ಒತ್ತಾಯ ಇಷ್ಟೇ. ಆದೇಶವನ್ನು ಹಿಂಪಡೆಯಿರಿ. ಆ ಕೋಣೆ ಇರಲಿ. ಅನುದಾನ ಕೊಡಲು ಮನಸ್ಸಿಲ್ಲವಾದರೆ ಕೊಡಬೇಡಿ, ಆದರೆ ನಕ್ಕವರಿಗೆ ಏನೂ ತಿಳಿಯಲಿಲ್ಲ ಎಂಬ ಆ ಒಂದು ಸಾಲನ್ನು ಮಾತ್ರ ಅಳಿಸಿ, ಅಳಿಸಿದ್ದೇವೆಂದು ಶಹಜಾದಬಿಯ ಹೆಸರಿಗೆ ಕಾಗದ ಬರೆಯಿರಿ. ಆ ಕೋಣೆಯಲ್ಲೇ ಅಕ್ಷರ ಕಲಿತ ಅವಳಿಗೆ ಓದಲು ಈಗ ನನ್ನ ನೆರವು ಬೇಕಿಲ್ಲ. ಮುಂದಿನ ಆಟ ಯಡೂರಿನಲ್ಲಿ. ನೀವು ಒಪ್ಪಿದರೂ ಬಿಟ್ಟರೂ ಅದು ನಡೆಯುತ್ತದೆ. ಒಂದೇ ತೊಡಕೆಂದರೆ, ಮಾಳಸಿದ್ದ ಸಿಟ್ಟಾಗಿ ಕೂತಿದ್ದಾನೆ. ಯಡೂರಿನವರು ಅವನನ್ನು ಬೇಡವೆಂದು, ಬೆಂಗಳೂರಿನ ಆ ಸಾಹೇಬರೇ ಬರಲಿ ಎಂದು ಹಟ ಹಿಡಿದಿದ್ದಾರೆ. ದಯಮಾಡಿ ಕಳಿಸಿಕೊಡಿ. ಹೋಗಿಬರುವ ಖರ್ಚನ್ನು ನಾವೇ ವಂತಿಗೆ ಎತ್ತಿ ಕೊಡುತ್ತೇವೆ.

ಇಂತಿ,
ತನ್ನ ಪ್ರಬಂಧಕ್ಕೆ ತಾನೇ ಆಕಳಿಸಿದ,
ತಾತ್ಯಾಸಾಹೇಬ ಮಗದುಮ್ಮ
ಸೈಕಲ್ ರಿಪೇರಿ ಅಂಗಡಿ, ನಿಪ್ಪಾಣಿ