ನೀರು ನಿಲ್ಲದ ಹೊಲ

ವಿಜಯಪುರ,
ಶನಿವಾರ, ೨೨ ನವೆಂಬರ್ ೨೦೨೫

ಪ್ರೀತಿಯ ಕಾವ್ಯಾ,

ಅಪ್ಪನ ಆಶೀರ್ವಾದ. ಸಿಟ್ಟಿದ್ದರೂ ಈ ಕಾಗದ ತಿರುಗಿ ಕಳಿಸಬೇಡ.

ನೀನು ಹೇಗಿದ್ದೀ? ಅಳಿಯ ಸತೀಶಕುಮಾರರ ಸೊಂಟದ ನೋವು ಇಳಿಯಿತೇ? ಮೊಮ್ಮಗಳ ಕೆಮ್ಮು ವಾಸಿಯಾಯಿತೇ, ಅಥವಾ ಕೊಲ್ಹಾಪುರದ ಥಂಡಿಗೆ ಇನ್ನೂ ಖೊಕ್ ಖೊಕ್ ಅನ್ನುತ್ತಿದ್ದಾಳೋ? ಓಮಿನ ಕಾಳು ಹುರಿದು ಬಟ್ಟೆಯಲ್ಲಿ ಕಟ್ಟಿ ಎದೆಗೆ ಕಾಸು ಎಂದು ನಿನ್ನ ಅವ್ವ ಹೇಳಿದ್ದಾಳೆ. ಫೋನ್ ಇರುವಾಗ ಈ ಮುದುಕ ಕಾಗದ ಯಾಕೆ ಬರೆದ ಎಂದು ಹುಬ್ಬು ಏರಿಸಬೇಡ. ದಸರೆಯಿಂದ ನೀನು ನನ್ನ ಫೋನಿಗೆ ಹಚ್ಚುವುದಿಲ್ಲ, ಅವ್ವನ ಫೋನಿಗೇ ಹಚ್ಚುತ್ತೀ. ಅದರಲ್ಲಿ ಮಾತಾಡೋಣವೆಂದರೆ ಆಕೆ ಪಕ್ಕದಲ್ಲೇ ಇರುತ್ತಾಳೆ. ಆಕೆಯ ಮೈ ಸೋತಿದೆ, ಕಿವಿ ಸೋತಿಲ್ಲ. ಆದ್ದರಿಂದ ಸೊಲ್ಲಾಪುರ ರಸ್ತೆಯ ನಮ್ಮ ಪಂಪು-ಪೈಪಿನ ಅಂಗಡಿಯಲ್ಲಿ ಕುಳಿತು ಬರೆಯುತ್ತಿದ್ದೇನೆ. ಈಗ ಅಂಗಡಿ ನಡೆಸುವವನು ನನ್ನ ಕೈಕೆಳಗೆ ಕೆಲಸ ಕಲಿತ ಇರ್ಫಾನನೇ. ನಾನು ಬಂದರೆ ಕುರ್ಚಿ ಒರೆಸಿ ಕೊಡುತ್ತಾನೆ, ಚಹಾ ತರಿಸುತ್ತಾನೆ, ಗಿರಾಕಿಯನ್ನು ಮಾತ್ರ ನನ್ನ ಹತ್ತಿರ ಬಿಡುವುದಿಲ್ಲ.

ನೀನು ಕೊನೆಗೆ ನನಗೆ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: “ಅಪ್ಪಾ, ಅವ್ವಗ ಬೇಕಾಗಿದ್ದು ದವಾಖಾನಿ, ಹೊಲ ಅಲ್ಲ. ನಿನಗ ರೈತ ಆಗೂ ಹುಚ್ಚು ಹಿಡದೈತಿ, ಅದಕ್ಕ ಆಕೀನ್ನ ಬಿಸಲಾಗ ತಿರಗಸಾಕತ್ತಿ.” ಅಷ್ಟು ಹೇಳಿ ಫೋನ್ ಇಟ್ಟುಬಿಟ್ಟೆ. ಮೂಗಿನ ತುದಿಯಲ್ಲೇ ಸಿಟ್ಟು, ಥೇಟ್ ನಿನ್ನ ಅಜ್ಜಿ. ನಿನ್ನ ಆ ಮಾತಿಗೆ ಈಗ ಉತ್ತರ ಸಿಕ್ಕಿದೆ. ಸಿಕ್ಕಿದ್ದಕ್ಕೆ ಸಂತೋಷವಿಲ್ಲ.

ಸೊಲ್ಲಾಪುರದ ದೊಡ್ಡ ಡಾಕ್ಟರು ಶ್ರಾವಣದಲ್ಲಿ ಹೇಳಿದ್ದು ನಿನಗೂ ಗೊತ್ತಿದೆ. ಇನ್ನು ಔಷಧದಿಂದ ಆಗುವಂಥದ್ದೇನೂ ಇಲ್ಲ, ನೋವಿಗೆ ಗುಳಿಗೆ ಕೊಡಿ, ಬಾಯಿಗೆ ಬೇಕೆಂದದ್ದು ಉಣ್ಣಿಸಿ ಎಂದರು. ನಿನ್ನ ಅವ್ವ ಅವರೆದುರು ತಲೆ ಅಲ್ಲಾಡಿಸಿ, ಹೊರಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ಪೇರಲಹಣ್ಣು ಚೌಕಾಶಿ ಮಾಡಿ ಕೊಂಡಳು. ವಯಸ್ಸಾದ ಮೇಲೆ ಎಲ್ಲಾದರೂ ದೂರದಲ್ಲಿ ತುಂಡು ಹೊಲ ಹಿಡಿದು, ಎರಡು ಖೋಲಿ ಕಟ್ಟಿ, ಜೋಳ, ಕಾಯಿಪಲ್ಯ ಬೆಳೆದುಕೊಂಡು ಇರುವುದು ನಮ್ಮಿಬ್ಬರ ಹಳೆಯ ಆಸೆ. ಪ್ರತಿ ಎಳ್ಳಮಾವಾಸ್ಯೆಗೆ ಸಜ್ಜೆರೊಟ್ಟಿ ಕಟ್ಟಿಕೊಂಡು ಯಾರದೋ ಹೊಲಕ್ಕೆ ಬೀಗರಂತೆ ಹೋಗಿ ಭೂತಾಯಿಗೆ ಚರಗದ ಎಡೆ ಚೆಲ್ಲಿ ಬರುವಾಗ “ನಮ್ಮದೊಂದು ಹೊಲ, ಒಂದು ಬಾಂದು ಇರಬೇಕಿತ್ರಿ” ಎನ್ನುತ್ತಿದ್ದಳು. ಡಾಕ್ಟರ ಮಾತಿನ ನಂತರ ಆ ಆಸೆಯನ್ನು ನಾನು ಮಡಿಚಿ ಇಟ್ಟಿದ್ದೆ. ಒಂದು ವಾರಕ್ಕೆ ಆಕೆಯೇ ಕೇಳಿದಳು: “ಹೊಲ ನೋಡಾಕ ಯಾವಾಗ ಹೋಗೂಣ್ರಿ?” ಕಾವ್ಯಾ, ಆ ಮಾತು ಕೇಳಿ ನಾನು ಒಳಗೆ ಹೋಗಿ ದೇವರಿಗೆ ದೀಪ ಹಚ್ಚಿದೆ. ಇವಳಿಗೆ ಬದುಕುವ ಮನಸ್ಸು ಬಂದಿದೆ, ಮನಸ್ಸು ಬಂದವರಿಗೆ ರೋಗವೂ ಹೆದರುತ್ತದೆ ಎಂದುಕೊಂಡೆ.

ಮೊದಲು ಹೋದದ್ದು ಬಬಲೇಶ್ವರದ ಹತ್ತಿರದ ಜೈನಾಪುರಕ್ಕೆ. ಗುರುಪಾದಯ್ಯನವರು ಅಂತ, ರಿಟೈರ್ಡ್ ಮಾಸ್ತರರು, ಅವರ ಹೊಲ. ಎಂಥ ಕಪ್ಪು ಎರಿ ಮಣ್ಣು ಅನ್ನುತ್ತೀ, ಕೈಯಲ್ಲಿ ಹಿಡಿದರೆ ಬೆಣ್ಣೆ. ಮಗ್ಗುಲಲ್ಲಿ ಕಾಲುವೆ, ಹೊಲದಲ್ಲಿ ತುಂಬಿದ ಬಾವಿ, ಬಾಗಿಲ ತನಕ ರಸ್ತೆ. ಜೀವಮಾನವಿಡೀ ಪಂಪು ಮಾರಿದವನಿಗೆ ಭೂಮಿ ಅಂದರೆ ನೀರು, ಬೇರೆ ಲೆಕ್ಕ ತಿಳಿಯುವುದಿಲ್ಲ. ನನಗೆ ಅಲ್ಲೇ ಕುಳಿತುಬಿಡಬೇಕು ಅನ್ನಿಸಿತು. ಮಾಸ್ತರರೂ ಹುರುಪಿನಿಂದ “ಹತ್ತು ಫೂಟು ಅಗೀರಿ, ನೀರು ತಾನಽ ಮ್ಯಾಲ ಬರ್ತೈತಿ ನೋಡ್ರಿ” ಎಂದರು. ನಿನ್ನ ಅವ್ವನ ಮುಖ ಇಳಿಯಿತು. ಸೆರಗು ಸರಿಮಾಡಿಕೊಂಡು “ನಡೀರಿ, ಹೋಗೂಣು” ಎಂದಳು. ಟಿಕೋಟಾದ ಬಳಿ ಒಂದು ದ್ರಾಕ್ಷಿ ತೋಟ ತೋರಿಸಿದೆ. ಅಲ್ಲಿಯೂ ಬಗ್ಗಿ ಮಣ್ಣು ಮುಟ್ಟಿ, “ಹಸೀನಽ ಐತಿ” ಎಂದು ಕೈ ಝಾಡಿಸಿದಳು. ದ್ರಾಕ್ಷಿ ತೋಟ ಹಸಿ ಇರದೆ ಒಣಗಿರುತ್ತದೆಯೇ! ನಾನು ರೇಗಿದೆ. ಸೀರೆ ಅಂಗಡಿಯಲ್ಲಿ ಹೆಣ್ಣುಮಕ್ಕಳು ಮಾಡುವ ಹಾಗೆ ಹೊಲದಲ್ಲೂ ಮಾಡುತ್ತಾಳೆ ಎಂದು ಕಾರಿನವನ ಎದುರಿಗೇ ಅಂದೆ. ಆಕೆ ನಕ್ಕಳು, ಅಷ್ಟೇ.

ಆಮೇಲೆ ಕನಮಡಿ. ಮಹಾರಾಷ್ಟ್ರದ ಗಡಿ ಕಣ್ಣಳತೆಯಲ್ಲಿದೆ, ಎತ್ತ ನೋಡಿದರೂ ಬಯಲು, ಗಾಳಿ. ಧೂಳಪ್ಪ ಎಂಬ ಕುರಿ ಸಾಕುವ ಮುದುಕನ ಮಡ್ಡಿ ಹೊಲ ಅದು. ಕೆಂಪು ಕಲ್ಲು ನೆಲ, ಒಂದು ಬೇವಿನ ಗಿಡ, ಒಂದಿಷ್ಟು ಹುಲ್ಲುಕಸ. ಮಾರುವವನೇ ನನ್ನ ಮುಖ ನೋಡಿ ಮರುಗಿದ: “ಯಜಮಾನ್ರ, ಇದರಾಗ ಏನ ಬೆಳೀತೀರಿ? ನಮ್ಮ ಕುರಿನೂ ಬೈಕೋತ ಮೇಯ್ತಾವ.” ನಾನು ತಿರುಗಿ ಕಾರಿನ ಕಡೆ ನಡೆದಿದ್ದೆ. ಹಿಂದೆ ನೋಡಿದರೆ ನಿನ್ನ ಅವ್ವ ಬೇವಿನ ಗಿಡದ ಕೆಳಗೆ ಕುಳಿತಿದ್ದಾಳೆ. ಮಳೆಗಾಲದಲ್ಲಿ ಇಲ್ಲಿ ನೀರು ನಿಲ್ಲುತ್ತದೆಯೇ ಎಂದು ಕೇಳಿದಳು. ಧೂಳಪ್ಪ “ನಿಲ್ಲೂದಿಲ್ಲ ತಾಯಿ, ಒಂದ ತಾಸಿನಾಗ ಹರದ ಹೋಗತೈತಿ” ಎಂದ. ಬೇಸಗೆಯಲ್ಲಿ ನೆಲ ಬಿರಿಯುತ್ತದೆಯೇ ಎಂದು ಕೇಳಿದಳು. ಬಿರಿಯಲು ಇದು ಎರಿ ಹೊಲವೇ ಎಂದು ಆತನ ಹೆಂಡತಿ ಮುದುಕವ್ವ ನಕ್ಕಳು. ನಗುತ್ತಲೇ ನಿನ್ನ ಅವ್ವನ ಮುಖ ನೋಡಿ ನಗು ನಿಲ್ಲಿಸಿದಳು, ಬಂದು ಪಕ್ಕದಲ್ಲಿ ಕುಳಿತು ಕೈ ಹಿಡಿದುಕೊಂಡಳು. ಆಗಲೂ ನನಗೆ ತಿಳಿಯಲಿಲ್ಲ ನೋಡು.

ಬರುವಾಗ ಟಿಕೋಟಾದಲ್ಲಿ ಮಿರ್ಚಿ, ಚಹಾಕ್ಕೆ ನಿಂತೆವು. ಆ ಕಲ್ಲುಗುಡ್ಡೆಯಲ್ಲಿ ನಿನಗೆ ಏನು ಕಂಡಿತು ಎಂದು ಕೇಳಿದೆ. ಆಕೆ ಬಸಿಗೆ ಹುಯ್ದುಕೊಂಡ ಚಹಾ ಊದುತ್ತ, ದಿನಸಿ ಯಾದಿ ಹೇಳುವ ದನಿಯಲ್ಲಿ ಹೇಳಿದಳು. ಅದನ್ನು ಆಕೆಯ ಮಾತಿನಲ್ಲೇ ಬರೆಯುತ್ತೇನೆ: “ನಮ್ಮಪ್ಪನ್ನ ಎರಿ ಹೊಲದಾಗ ಇಟ್ರು. ಮಳಿಗಾಲಕ್ಕ ನೀರು ನಿಲ್ಲತಿತ್ತು, ಬ್ಯಾಸಗಿಗೆ ನೆಲ ಬಿರೀತಿತ್ತು, ಕೈ ಒಳಗ ಹೋಗೂವಷ್ಟು. ನಮ್ಮವ್ವ ವರ್ಷಾ ಶಿವರಾತ್ರಿ ದಾಟಿದ ಮ್ಯಾಲ ಬುಟ್ಟಿಲೆ ಮಣ್ಣು ಹೊತ್ತ ಹಾಕಿ ಆ ಬಿರುಕು ಮುಚ್ಚತಿದ್ಲು. ನಡಾ ಬಗ್ಗೂತನಾ ಹೊತ್ಲು. ನಿಮ್ಮ ಮೊಣಕಾಲು ನೋಡ್ರಿ. ನಿಮಗ ಆ ಬುಟ್ಟಿ ಹೊರಸೂದು ನನಗ ಬ್ಯಾಡಾಗೇತಿ.”

ಚಹಾ ನನ್ನ ಕೈಯಲ್ಲೇ ಆರಿತು. ನಮ್ಮಲ್ಲಿ ಸುಡುವುದಿಲ್ಲ, ಹೂಳುತ್ತೇವೆ. ಹೊಲ ಇದ್ದವರಿಗೆ ಅವರ ಹೊಲವೇ ಜಾಗ. ಇದೆಲ್ಲ ನನಗೆ ಗೊತ್ತಿಲ್ಲದ್ದಲ್ಲ. ಆದರೆ ನಾನು ಬೋರು, ಕಾಲುವೆ, ರಸ್ತೆ ಎಂದು ಇಬ್ಬರು ಬದುಕುವುದಕ್ಕೆ ಜಾಗ ಹುಡುಕುತ್ತಿದ್ದೆ. ಆಕೆ ಅದೇ ಕಾರಿನಲ್ಲಿ ನನ್ನ ಪಕ್ಕದಲ್ಲೇ ಕುಳಿತು ಬೇರೆ ಜಾಗ ಹುಡುಕುತ್ತಿದ್ದಳು. ಊರ ರುದ್ರಭೂಮಿ ಇಲ್ಲವೇ ಎಂದು ಬಾಯಿಗೆ ಬಂದದ್ದು ಅಂದುಬಿಟ್ಟೆ. “ಅಲ್ಲಿ ಬ್ಯಾಡ್ರಿ, ಅದು ಬಾಡಿಗಿ ಮನಿ ಇದ್ದಂಗ. ಇನ್ನೊಬ್ರು ಬಂದ್ರಂದ್ರ ಖಾಲಿ ಮಾಡಸ್ತಾರ” ಎಂದಳು. ಮದುವೆಯಾದ ಮೇಲೆ ಎಷ್ಟು ಬಾಡಿಗೆ ಮನೆಗಳ ಪಾತ್ರೆ ಕಟ್ಟಿದವಳು ಆಕೆ, ಮಾತು ಎಲ್ಲಿಂದ ಬಂತು ಎಂದು ನನಗೆ ಗೊತ್ತು. ಚಹಾದ ಅಂಗಡಿಯವನು ನನ್ನ ಕಣ್ಣು ನೋಡಿ, ಖಾರದ ಮಿರ್ಚಿ ಹತ್ತಿತೇನೋ ಎಂದು ನೀರು ತಂದು ಕೊಟ್ಟ.

ಆ ಮೇಲೆ ನಾನು ಮಾಡಿದ್ದು ಹಟ. ಆ ಮಡ್ಡಿ ಹಿಡಿದರೆ ಡಾಕ್ಟರ ಮಾತಿಗೆ ನಾನೂ ಹೂಂ ಅಂದಂತೆ. ಅದು ಆಗದ ಕೆಲಸ ಎಂದುಕೊಂಡೆ. ಮನೆಯಲ್ಲಿ ಕನಮಡಿಯ ಹೆಸರು ತೆಗೆಯದಂತೆ ಮಾಡಿದೆ. ಆಕೆಯೇ ಸೋತು, “ಜೈನಾಪುರದ್ದಽ ತಗೋರಿ, ನಿಮಗ ಮುಂದ ಅನ್ನ ಆಗಬೇಕು. ನನ್ನ ಎಲ್ಲೆರ ಇಡ್ರಿ” ಎಂದಳು. ಎಲ್ಲೆರ ಇಡ್ರಿ! ಹಳೆಯ ಕೊಡದ ಬಗ್ಗೆ ಹೇಳಿದ ಹಾಗೆ. ಆ ಮಾತು ಹಿಡಿದುಕೊಂಡು ಕಳೆದ ಸೋಮವಾರ ಒಬ್ಬನೇ ಜೈನಾಪುರಕ್ಕೆ ಹೋದೆ, ಮಾಸ್ತರರಿಗೆ ಮಾತು ಕೊಟ್ಟು ಬರಬೇಕೆಂದು. ಅವರು ಮತ್ತೆ ಬಾವಿಯ ಹತ್ತಿರ ಕರೆದೊಯ್ದರು. ನೀರು ಕಟ್ಟೆಗೆ ಹತ್ತಿತ್ತು. ಹೊಲದ ಬದುವಿನಲ್ಲಿ ಕಾಲಿಟ್ಟರೆ ಚಪ್ಪಲಿ ಹೂತುಹೋಗುತ್ತಿತ್ತು, ಎತ್ತಿದ ಕುಳಿಯಲ್ಲಿ ನೀರು ಒಸರುತ್ತಿತ್ತು. ಇಷ್ಟು ವರ್ಷಕ್ಕೆ ಮೊದಲ ಸಲ ನನಗೆ ನೀರು ನೋಡಿ ಹೆದರಿಕೆಯಾಯಿತು. ಇದರೊಳಗೆ ನನ್ನ ನೀಲಾಬಾಯಿಯನ್ನು ಹೇಗೆ ಬಿಡಲಿ? ಬಚ್ಚಲಿನ ಥಂಡಿಗೇ ನಡುಗುವವಳು ಆಕೆ. ಮಾಸ್ತರರಿಗೆ ಕೈಮುಗಿದು, ತಪ್ಪು ತಿಳಿಯಬೇಡಿ ಎಂದು ಹೇಳಿ, ಬಬಲೇಶ್ವರದ ಬಸ್‌ಸ್ಟ್ಯಾಂಡಿಗೆ ಬಂದು ಅಲ್ಲಿಂದಲೇ ಧೂಳಪ್ಪನಿಗೆ ಫೋನ್ ಮಾಡಿದೆ. ಮಾತು ಕೊಟ್ಟಿದ್ದೇನೆ. ಎಳ್ಳಮಾವಾಸ್ಯೆಯ ಒಳಗೆ ನೋಂದಣಿ ಆಗುತ್ತದೆ.

ನೀನು ಈಗ ಕೇಳುವುದು ನನಗೆ ಗೊತ್ತು: ಆ ಕಲ್ಲಿನಲ್ಲಿ ಅಪ್ಪ ಒಬ್ಬನೇ ಏನು ಮಾಡುತ್ತಾನೆ? ಸೀತಾಫಲ ಹಚ್ಚುತ್ತೇನೆ, ಬಾರಿಹಣ್ಣಿನ ಗಿಡ ಹಚ್ಚುತ್ತೇನೆ, ಅವು ಕಲ್ಲನ್ನೇ ತಿಂದು ಹಣ್ಣು ಕೊಡುತ್ತವೆ. ಒಂದು ಸಣ್ಣ ಬೋರು ಹಾಕಿಸಿ ಪಂಪು ಕೂಡಿಸುತ್ತೇನೆಂದು ಇರ್ಫಾನ ಹೇಳಿದ್ದಾನೆ. ಊರಿಗೆಲ್ಲ ನೀರು ಎತ್ತಿ ಕೊಟ್ಟವನಿಗೆ ನಾಲ್ಕು ಗಿಡಕ್ಕೆ ಸಾಲುವಷ್ಟು ಸಿಕ್ಕೀತು. ಕೊಲ್ಹಾಪುರಕ್ಕೆ ಬಂದು ನಿನ್ನ ಹತ್ತಿರ ಇರಿ ಎಂದು ಕರೆದದ್ದು ನಿನ್ನ ದೊಡ್ಡ ಮನಸ್ಸು. ನೀನು ಅವ್ವನನ್ನು ಉಳಿಸಿಕೊಳ್ಳಬೇಕೆಂದು ಜಗಳಾಡಿದೆ, ನಾನೂ ಅದಕ್ಕೇ ಜಗಳಾಡಿದೆ. ಇಬ್ಬರೂ ಸೋತಿದ್ದೇವೆ, ಇನ್ನು ನಮ್ಮ ನಮ್ಮಲ್ಲಿ ಸಿಟ್ಟು ಯಾಕೆ? ನನಗೆ ಬಹಳ ದುಃಖವಾಗಿದೆ ಮಗಳೇ. ಅದನ್ನು ಹೇಳಿಕೊಳ್ಳಲು ಇಷ್ಟು ದಿನ ಆಕೆಯೊಬ್ಬಳಿದ್ದಳು. ಈ ದುಃಖವನ್ನು ಆಕೆಗೆ ಹೇಗೆ ಹೇಳಲಿ?

ಅಳಿಯಂದಿರಿಗೆ ನಮಸ್ಕಾರ ತಿಳಿಸು. ಮೊಮ್ಮಗಳ ಎರಡೂ ಗಲ್ಲಕ್ಕೆ ನನ್ನ ಪರವಾಗಿ ಮುತ್ತು ಕೊಡು. ನಿನ್ನ ಮನೆ ತುಂಬಿರಲಿ, ನಿನ್ನ ತಲೆಯ ಮೇಲೆ ನಮ್ಮಿಬ್ಬರ ಕೈ ಇದೆ.

ನಿನ್ನ ಅಪ್ಪ,
ಬಸಗೊಂಡಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನು ಬರೆಯದೆ ಇರಲಾಗಲಿಲ್ಲ. ಧೂಳಪ್ಪನಿಗೆ ಮಾತು ಕೊಟ್ಟದ್ದನ್ನು ಆಕೆಗೆ ನಿನ್ನೆ ಹೇಳಿದೆ. ಬಹಳ ದಿನದ ಮೇಲೆ ಒಂದು ಪೂರಾ ರೊಟ್ಟಿ ತಿಂದಳು. ತಿಂದು, ಕೈ ತೊಳೆದು, “ಬೇವಿನ ಗಿಡದ ಬುಡಕ ನನಗ. ಬಾಜೂಕ ನಿಮಗ ಜಾಗಾ ಬಿಟ್ಟೇನಿ. ನೀವು ಗಡಿಬಿಡಿ ಮಾಡಬ್ಯಾಡ್ರಿ, ಸಾವಕಾಶ ಬರ್ರಿ” ಎಂದಳು. ಆ ಜಾಗದಲ್ಲಿ ನಿಂತು ತೋರಿಸಬೇಕಂತೆ, ಇನ್ನೂ ನಡೆಯಲು ಬರುವಾಗಲೇ. ಎರಡು ಸಲ ಕರೆದಳು, ಎರಡೂ ಸಲ ನಾನು ಕಾರಿಲ್ಲ ಎಂದು ಸುಳ್ಳು ಹೇಳಿದೆ. ಮುಂದೆ ಆಗುವುದನ್ನೆಲ್ಲ ನಾನು ಮಾಡುತ್ತೇನೆ ಕಾವ್ಯಾ, ಆದರೆ ಆಕೆ ಜೀವಂತ ನಿಂತು ಬೆರಳು ಮಾಡಿ ತೋರಿಸುವುದನ್ನು ನೋಡಲು ನನ್ನಿಂದ ಆಗುವುದಿಲ್ಲ. ನೀನು ಬಾ. ನೀನು ಆಕೆಯ ಕೈ ಹಿಡಿದುಕೊಂಡು ಹೋಗಿ ನೋಡು. ಗಟ್ಟಿ ಚಪ್ಪಲಿ ಹಾಕಿಕೊಂಡು ಬಾ, ನೆಲವೆಲ್ಲ ಕಲ್ಲು.